ಒಂದೇ ಎಳೆತಕ್ಕೆ ಬಿಚ್ಚುವ ಗಂಟು

ಮಾರ್ಚ್ 6, ಸೋಮವಾರ

ಹಾಗಾಗಿ ಕುರ್ಚಿಯನ್ನು ನಾನು ಬೇಡ ಅನ್ನಲಿಲ್ಲ. ನಿನ್ನೆ ಇಷ್ಟು ಬರೆಯುವಷ್ಟರಲ್ಲಿ ಬೆಳಕು ಹೋಗಿತ್ತು. ಅರವತ್ತೈದು ವರ್ಷದ ಮೊಣಕಾಲಿಗೆ ಕುರ್ಚಿ ಕೊಟ್ಟವನು ಯಾರೇ ಆಗಿರಲಿ, ಅವನನ್ನು ನೆನೆಯಬೇಕು. ಕೊಟ್ಟವನು ಅಫಾಂಡೆ, ನದಿಯಾಚೆ ಮಿಹೇರೊ ಗುಡ್ಡ ಹಿಡಿದು ಕೂತಿರುವ ಬಂದೂಕಿನವರ ದೊಡ್ಡವನು. ಹೋದ ವಾರ ನಮ್ಮ ತೂಕದ ಕೊಟ್ಟಿಗೆಗೆ ಬಂದಿದ್ದ. ನಾನು ನಿಂತೇ ಬರೆಯುವುದನ್ನು ನೋಡಿ, "ಮೇಷ್ಟ್ರು ನಿಂತಿರೋದು, ನಾವು ಕೂತಿರೋದು, ಚೆನ್ನಾಗಿಲ್ಲ ಕಣ್ರೋ" ಅಂದ. ಮೂರನೇ ದಿನ ನೀಲಿ ಪ್ಲಾಸ್ಟಿಕ್ ಕುರ್ಚಿ ಬಂತು. ಒಂದು ಕಾಲು ಸ್ವಲ್ಪ ಸೊಟ್ಟ. ಇರಲಿ, ನನ್ನದೂ ಸೊಟ್ಟವೇ.

ಇದೆಲ್ಲ ಯಾಕೆ ಬರೆಯುತ್ತೇನೆಂದರೆ ನನ್ನ ಹೆಂಡತಿ ಮ್ವಿಂಜಾಳ ಕಾನೂನು. ಮುದ್ದೆಯ ಮೊದಲ ತುತ್ತು ಮುರಿಯುವ ಮುಂಚೆ ಆ ದಿನ ಆದ ಒಂದು ಒಳ್ಳೆಯದನ್ನು ಎಲ್ಲರೂ ಹೇಳಬೇಕು. ಹೇಳದವರಿಗೆ ಸೊಪ್ಪಿನ ಪಾತ್ರೆ ದಾಟುವುದಿಲ್ಲ. ಒಂದು ಸಲ ಮಗಳು ನಂಕಾಫು, ಆಗ ಆರು ವರ್ಷದವಳು, ಏನೂ ಹೊಳೆಯದೆ "ಇವತ್ತು ಅಪ್ಪ ಇಂಗ್ಲಿಷ್ ಮಾತಾಡಲಿಲ್ಲ" ಅಂದು ಗಬಗಬ ತಿಂದಳು. ಈಗ ಮ್ವಿಂಜಾ ಹೋಗಿ ಮೂರು ವರ್ಷ. ಕೇಳುವವರಿಲ್ಲ, ಅದಕ್ಕೇ ಈ ಪುಸ್ತಕಕ್ಕೆ ಹೇಳಿ ಊಟಕ್ಕೆ ಕೂರುತ್ತೇನೆ.

ಕೆಲಸವೂ ಒಂದು ದಯೆಯೇ. ನಮ್ಮ ರುಬಿಂಬಿ ಗುಡ್ಡದ ಜನ ಕೋಲ್ಟಾನ್ ಅನ್ನುವ ಕರಿಮರಳನ್ನು ಅಗೆದು, ತೊಳೆದು, ಚೀಲ ತುಂಬಿ ತರುತ್ತಾರೆ. ನಾನು ಬಾಯಿ ಬಿಚ್ಚಿ ನೋಡಿ, ತೂಗಿಸಿ, ಮತ್ತೆ ಕಟ್ಟಿ, ನಂಬರಿನ ಬಿಲ್ಲೆ ಬಿಗಿದು, ಫಾರಂ ಬರೆಯಬೇಕು. ಬಿಲ್ಲೆ ಬಿದ್ದರೆ ಚೀಲ ಶುದ್ಧ, ಬಂದೂಕಿನ ಕೈ ಇದಕ್ಕೆ ತಾಗಿಲ್ಲ ಎಂದರ್ಥ. ಬಿಲ್ಲೆ ಇಲ್ಲದ್ದನ್ನು ಬುಕಾವು ಪಟ್ಟಣದ ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ. ಫಾರಂ ಇಂಗ್ಲಿಷಿನಲ್ಲಿದೆ. ನಲವತ್ತು ವರ್ಷದ ಹಿಂದೆ ಬುಕಾವುವಿನ ಕಾಲೇಜಿನಲ್ಲಿ ನಶ್ಯ ಏರಿಸುತ್ತಿದ್ದ ಪಾದ್ರಿಯೊಬ್ಬರು ತಲೆಗೆ ತುಂಬಿದ್ದರಲ್ಲಿ ಅರ್ಧ ಸೋರಿಹೋಗಿದೆ. ಉಳಿದರ್ಧ ಈಗ ಅನ್ನ ಹಾಕುತ್ತಿದೆ. ಒಳ್ಳೆಯ ವಾಕ್ಯದಲ್ಲಿ ಒಂದು ಹೌಎವರ್ ಇರಬೇಕು ಅನ್ನುತ್ತಿದ್ದರು ಅವರು. ಅದೊಂದನ್ನು ನಾನು ಮರೆತಿಲ್ಲ.

ಮಂಗಳವಾರ, ಶುಕ್ರವಾರ ನದಿಯಾಚೆಯ ಮಿಹೇರೊದಿಂದಲೂ ಚೀಲ ಬರುತ್ತವೆ. ಅವಕ್ಕೂ ಬಿಲ್ಲೆ ಹಾಕುತ್ತೇನೆ. ಫಾರಂನಲ್ಲಿ ಒರಿಜಿನ್, ಅಂದರೆ ಹುಟ್ಟೂರು, ಅನ್ನುವ ಮನೆಯಲ್ಲಿ ರುಬಿಂಬಿ ಅಂತಲೇ ತುಂಬುತ್ತೇನೆ. ಮಣ್ಣಿಗೆ ಯಾವ ಊರು? ಹೌಎವರ್, ಇದನ್ನು ಹೆಚ್ಚು ಕೆದಕಬಾರದು.

ನಂಕಾಫು ವಿಷಯ ಇವತ್ತು ಬೇಡ. ಕುರ್ಚಿಗೆ, ಅಫಾಂಡೆಗೆ, ಪಾದ್ರಿಗೆ ನಮಸ್ಕಾರ. ಹರಿವೆ ಸೊಪ್ಪು ಕೊಟ್ಟ ಹಿರಿಯಮ್ಮ ಮಾಮಾ ಅಜುವಾಗೂ, ಉಪ್ಪು ಜಾಸ್ತಿಯಾದರೂ.

ಮಾರ್ಚ್ 10, ಶುಕ್ರವಾರ

ಬೂಟೂ ಬಿಚ್ಚದೆ ಬರೆಯಲು ಕೂತಿದ್ದೇನೆ. ಅಕ್ಷರ ಹೇಗಾದರೂ ಬೀಳಲಿ.

ಮೊದಲಿನಿಂದ ಬರೆಯುತ್ತೇನೆ. ಹೋದ ಜುಲೈನಲ್ಲಿ ಸಂತೆಯ ದಿನ ಅಫಾಂಡೆಯ ಜನ ಸುತ್ತುಗಟ್ಟಿ ನಲವತ್ತೆರಡು ಜನರನ್ನು ಹೊರೆ ಹೊರಲು ಎಬ್ಬಿಸಿಕೊಂಡು ಹೋದರು. ಹತ್ತು ಜನ ಬಂದರು. ಬಂದವರು ಮಾತಾಡಲಿಲ್ಲ. ನನ್ನ ನಂಕಾಫು ಬರಲಿಲ್ಲ. ಬೀನ್ಸ್ ಮಾರಲು ಹೋದವಳು. ಒಂದು ವರ್ಷ ತುಂಬಿದರೆ ದುಃಖದೂಟ ಹಾಕಿಬಿಡಿ ಮೇಷ್ಟ್ರೇ, ಆತ್ಮಕ್ಕೆ ದಾರಿಯಾಗಲಿ ಎಂದು ಚರ್ಚಿನವರು ಹೇಳಿದ್ದಾರೆ. ಆಡನ್ನೂ ಗೊತ್ತುಮಾಡಿಕೊಂಡಿದ್ದೆ.

ಮಿಹೇರೊ ಕೆಳಗಿನ ಬಿಸಿಜಾಗ, ಅಲ್ಲಿ ಬಾಳೆ ಬೆಳೆಯುತ್ತದೆ. ಅಲ್ಲಿಯ ಚೀಲಗಳ ಬಾಯಿಗೆ ಬಾಳೆನಾರು. ನಮ್ಮದು ಚಳಿಗುಡ್ಡ, ಒಂದು ಬಾಳೆಗಿಡವೂ ಇಲ್ಲ. ಇಲ್ಲಿ ಹರಿದ ಟಾರ್ಪಾಲಿನ ಪಟ್ಟಿ ಕಟ್ಟುತ್ತಾರೆ. ಆಚೆಯಿಂದ ಬಂದ ಚೀಲದ ನಾರು ಬಿಚ್ಚಿ ಸುಟ್ಟು ಪಟ್ಟಿ ಕಟ್ಟಬೇಕೆಂದು ಕೊಟ್ಟಿಗೆಯ ಮೇಸ್ತ್ರಿ ಬಗಾಲ್ವಾನ ಅಪ್ಪಣೆ. ವಾರಕ್ಕೆರಡು ದಿನ ಮಾಡುವ ಕೆಲಸ. ಇವತ್ತು ಏಳನೇ ಚೀಲಕ್ಕೆ ಕೈ ಹಾಕಿ ಗಂಟಿನ ಬಾಲ ಎಳೆದೆ. ಒಂದೇ ಎಳೆತಕ್ಕೆ ಪೂರಾ ಬಿಚ್ಚಿಕೊಂಡಿತು.

ಎಡಕ್ಕೆ ಎರಡು ಸುತ್ತು, ಕೆಳಗಿನಿಂದ ಒಂದು ಕುಣಿಕೆ. ಮ್ವಿಂಜಾಳ ಗಂಟು. ನಮ್ಮ ಹೆಂಗಸರು ಹಣೆಗೆ ಪಟ್ಟಿ ಕೊಟ್ಟು ಬೆನ್ನ ಮೇಲೆ ಸೌದೆ ಹೊರುತ್ತಾರಲ್ಲ, ಇಳಿಸಲು ಇನ್ನೊಬ್ಬರು ಬೇಕು. ಮ್ವಿಂಜಾಳ ತಾಯಿ ಒಂಟಿಯಾಗಿ ಬದುಕಿದವಳು. ಎದೆಯ ಹತ್ತಿರ ಬಾಲ ಎಳೆದರೆ ಹೊರೆ ತಾನೇ ಕಳಚಿ ಬೀಳುವಂಥ ಗಂಟು ಮಾಡಿಕೊಂಡಿದ್ದಳು. ಎಡಚಿ. ಮ್ವಿಂಜಾಳೂ ಎಡಚಿ. ನಂಕಾಫು ಎಡಚಿಯಲ್ಲ, ಆದರೂ ಅಮ್ಮನ ಕೈ ನೋಡಿ ಕಲಿತದ್ದರಿಂದ ಎಡಕ್ಕೇ ಸುತ್ತುತ್ತಿದ್ದಳು. ಅಜ್ಜಿ ಇಲ್ಲ, ಅಮ್ಮ ಇಲ್ಲ. ಭೂಮಿಯ ಮೇಲೆ ಆ ಗಂಟು ಗೊತ್ತಿರುವುದು ಒಂದೇ ಜೊತೆ ಕೈಗೆ.

ನಾರನ್ನು ಸುಡಲಿಲ್ಲ. ಜೇಬಿನಲ್ಲಿದೆ. ಬರೆಯುತ್ತ ಮುಟ್ಟಿ ನೋಡುತ್ತಿದ್ದೇನೆ.

ಮಾರ್ಚ್ 11, ಶನಿವಾರ

ಇದ್ದಾಳೆ. ಇದ್ದಾಳೆ. ನಮಸ್ಕಾರ.

ಮಾರ್ಚ್ 14, ಮಂಗಳವಾರ

ಇವತ್ತು ಮೂರು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಇಟ್ಟೆ.

ಚೀಲ ಹೊತ್ತು ತರುವವರಲ್ಲಿ ಮುಡೆರ್ವಾ ನನ್ನ ಹಳೆಯ ವಿದ್ಯಾರ್ಥಿ. ನಾಲ್ಕನೇ ತರಗತಿಯಲ್ಲಿ ಮೂರು ಸಲ ಕೂತವನು. ಬೆವರೊರೆಸಿಕೊಳ್ಳುತ್ತ ನಿಂತಿದ್ದವನ ಹತ್ತಿರ ಹೋಗಿ, ಆಚೆ ಮರಳು ತೊಳೆಯೋ ಹೆಂಗಸರು ಯಾರು ಗೊತ್ತೇನಪ್ಪ ಅಂದೆ.

"ಮೇಷ್ಟ್ರೇ, ನಾನು ಮರದ ಸೇತುವೆ ದಾಟಲ್ಲ. ಅವರು ಅಲ್ಲಿ ಚೀಲ ಇಡ್ತಾರೆ, ನಾವು ಇಲ್ಲಿ ಎತ್ಕೋತೀವಿ. ನಡುವೆ ಬಂದೂಕು ಕೂತಿರುತ್ತೆ."

"ಒಂದು ಹೆಸರು ಹೇಳಿ ಕೇಳಕ್ಕಾಗಲ್ವಾ?"

"ಅಲ್ಲಿ ಹೆಸರು ಕೇಳಿದೋನೂ ಆಚೆಗೇ ಹೋಗ್ತಾನೆ. ಪರೀಕ್ಷೆಲಿ ಪ್ರಶ್ನೆ ಕೇಳಿ ಕೇಳಿ ನನ್ನ ಕೊಂದಿದ್ದು ಸಾಲ್ದಾ ನಿಮಗೆ?"

ಸರಿ. ಅವಳು ಚೀಲ ಕಟ್ಟುತ್ತಿದ್ದಾಳೆಂದರೆ ಅವಳಿಗೆ ತಿನ್ನಲು ಕೊಡುತ್ತಿದ್ದಾರೆ ಎಂದಾಯಿತು. ತಿನ್ನದ ಕೈ ಇಷ್ಟು ಬಿಗಿಯಾಗಿ ಕಟ್ಟಲಾರದು. ಆ ಲೆಕ್ಕದಲ್ಲಿ ಅಫಾಂಡೆಗೂ ಒಂದು ನಮಸ್ಕಾರ. ದುಃಖದೂಟಕ್ಕೆ ಗೊತ್ತುಮಾಡಿದ್ದ ಆಡನ್ನು ಬೇಡವೆಂದು ಹೇಳಿ ಬಂದೆ. ಆಡಿಗೂ ಸಂತೋಷವಾಗಿರಬೇಕು.

ಮಾರ್ಚ್ 24, ಶುಕ್ರವಾರ

ಇವತ್ತು ಒಂಬತ್ತು! ಇಷ್ಟು ಯಾವತ್ತೂ ಬಂದಿರಲಿಲ್ಲ. ಬಗಾಲ್ವಾ ನಕ್ಕ. "ಮೇಷ್ಟ್ರು ಈಗೀಗ ಚೀಲ ಬಂದ್ರೆ ಹೆಣ್ಣು ನೋಡಕ್ಕೆ ಬಂದ ಗಂಡಿನ ಥರ ಎದ್ದು ನಿಲ್ತಾರೆ." ನಿಜವೇ. ಮಂಗಳವಾರ ಆರೇ ಬಂದಾಗ ಜ್ವರ ಬಂದಂತಾಗಿತ್ತು. ಆಚೆ ಮಳೆ ಬಂದು ಗುಂಡಿ ತುಂಬಿದರೆ ಚೀಲ ಕಡಿಮೆ. ಆದ್ದರಿಂದ ಮಳೆ ಬರದಿರಲಿ ಅಂತ ಬೇಡಿಕೊಳ್ಳುತ್ತೇನೆ. ನನ್ನ ಬೀನ್ಸ್ ಒಣಗುತ್ತಿದ್ದರೂ.

ಮಾಮಾ ಅಜುವಾ ಸಂಜೆ ಬೆಂಕಿ ಕೇಳಲು ಬಂದವಳು ಡಬ್ಬಿ ನೋಡಿಬಿಟ್ಟಳು. ಅವಳು ಪಕ್ಕದ ಮನೆಯವಳು, ನಮ್ಮ ಗುಡ್ಡದಲ್ಲಿ ಮರಳು ತೊಳೆಯುವ ಹೆಂಗಸರಿಗೆಲ್ಲ ಹಿರಿಯಳು. ನಾಲಿಗೆ ಮಾತ್ರ ತೊಳೆಯುವುದಿಲ್ಲ. ಒಂದು ನಾರೆತ್ತಿ ಬೆಳಕಿಗೆ ಹಿಡಿದಳು.

"ಇದು ಮ್ವಿಂಜಾನ ಸುತ್ತು."

"ಹೌದು! ನಂಕಾಫು ಇದ್ದಾಳೆ! ನೋಡು, ಇಪ್ಪತ್ತಾರು ಸಲ ಇದ್ದಾಳೆ!"

ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ನಾರನ್ನು ಉಗುರಿನಿಂದ ಕೆರೆದಳು. "ಇದೇನು ಕಂದು?"

"ಕೆಮ್ಮಣ್ಣು."

"ಮುವ್ವತ್ತು ವರ್ಷದಿಂದ ತೊಳೀತಿದೀನಿ ಮೇಷ್ಟ್ರೇ, ನನಗೆ ಮಣ್ಣಿನ ಬಣ್ಣ ಹೇಳ್ಕೊಡ್ತೀಯ? ದಿನಾ ಬೆಳಗಿಂದ ಸಂಜೆ ತಣ್ಣೀರಲ್ಲಿ ಇಟ್ರೆ ಬೆರಳ ಸಂದು ಒಡೀತವೆ. ಆಮೇಲೆ ನಾರು ಬಿಗೀಬೇಕು." ನಾರನ್ನು ಡಬ್ಬಿಗೆ ಮೆಲ್ಲಗೆ, ಮಗುವನ್ನು ಮಲಗಿಸುವ ಹಾಗೆ ಇಟ್ಟಳು. "ಒಂಬತ್ತು ಬಂತು ಅಂತ ಹಲ್ಲು ಬಿಡ್ತಿದೀಯ. ಒಂಬತ್ತು ಯಾಕೆ ಬಂತು, ಯಾರ ಬೆನ್ನ ಮೇಲೆ ಏನು ಬಿದ್ದು ಒಂಬತ್ತು ಬಂತು ಅಂತ ಕೇಳ್ದಾ?"

ಬೆಂಕಿ ತೆಗೆದುಕೊಳ್ಳದೆ ಹೋದಳು. ವಯಸ್ಸಾದ ಹೆಂಗಸರು ಒಳ್ಳೆಯ ದಿನವನ್ನೂ ಹುಳಿ ಮಾಡುತ್ತಾರೆ. ಹೌಎವರ್, ಒಂಬತ್ತು ಒಂಬತ್ತೇ.

ಏಪ್ರಿಲ್ 4, ಮಂಗಳವಾರ

ಖಾಲಿ ಚೀಲಗಳು ಇಲ್ಲಿಂದ ಆಚೆಗೆ ವಾಪಸ್ಸು ಹೋಗುತ್ತವೆ, ಇಪ್ಪತ್ತು ಇಪ್ಪತ್ತರ ಕಟ್ಟಾಗಿ. ಇದು ನನಗೆ ಹೊಳೆಯಲು ಹತ್ತೊಂಬತ್ತು ದಿನ ಬೇಕಾಯಿತು. ಮಕ್ಕಳಿಗೆ ಪೆದ್ದ ಅನ್ನುತ್ತಿದ್ದ ಬಾಯಿ ಇದು.

ಆರು ದಿನದಿಂದ ಗಂಟು ಕಲಿಯುತ್ತಿದ್ದೇನೆ. ಅವಳದೊಂದನ್ನು ಬಿಚ್ಚದೆ ತಂದು, ಅಂಗುಲ ಅಂಗುಲ ಸಡಿಲಿಸಿ, ಹಿಂದುಮುಂದು ಮಾಡಿ, ಮತ್ತೆ ಕಟ್ಟಿ. ಮ್ವಿಂಜಾ ಇದ್ದಾಗ ನನ್ನ ಬೂಟಿನ ದಾರವನ್ನೂ ಅವಳೇ ಕಟ್ಟುತ್ತಿದ್ದಳು. ಬಾಗಿಲ ಮೆಟ್ಟಿಲ ಮೇಲೆ ಕೂತು ಗೊಣಗುತ್ತಿದ್ದರೆ ಮಾಮಾ ಅಜುವಾ ಬೇಲಿಯಾಚೆಯಿಂದ, "ಎಡಗೈ ಅಂದ್ರೆ ಇನ್ನೊಂದು ಕಡೇದು ಮೇಷ್ಟ್ರೇ!" ಅಂದಳು. ಸಿಟ್ಟು ಹೋಗಿದೆ ಅವಳಿಗೆ.

ಇವತ್ತು ಖಾಲಿ ಚೀಲದ ಎರಡು ಕಟ್ಟುಗಳಿಗೆ ಅದೇ ಗಂಟು ಹಾಕಿ ಕಳಿಸಿದೆ. ವಕ್ರವಾಗಿದೆ. ಆದರೆ ಎಳೆದರೆ ಬಿಚ್ಚುತ್ತದೆ, ಮೂರು ಸಲ ಪರೀಕ್ಷೆ ಮಾಡಿದ್ದೇನೆ. ಇವತ್ತಿನ ನಮಸ್ಕಾರ ನನ್ನ ಬೆರಳುಗಳಿಗೆ.

ಏಪ್ರಿಲ್ 9, ಈಸ್ಟರ್ ಭಾನುವಾರ

ಚರ್ಚಿನಲ್ಲಿ ಎಲ್ಲರ ಬಟ್ಟೆಯೂ ಇಸ್ತ್ರಿಯಾಗಿತ್ತು. ಇದ್ದಿಲಿನ ಇಸ್ತ್ರಿಪೆಟ್ಟಿಗೆ ಊರಿಗೆಲ್ಲ ಒಂದೇ, ಗುರುವಾರದಿಂದ ಮನೆ ಮನೆ ಸುತ್ತಿತ್ತು. ಸತ್ತವರು ಎದ್ದ ಹಬ್ಬ. ನಾನು ಎಲ್ಲರಿಗಿಂತ ಜೋರಾಗಿ ಹಾಡಿದೆ. ಮಾಮಾ ಅಜುವಾ ಕೆರೆಯ ಪುಟ್ಟ ಮೀನು ಹುರಿದು ಕೊಟ್ಟಳು. ಮೀನಿನ ಕಣ್ಣುಗಳಿಗೂ ನಮಸ್ಕಾರ, ಅವೂ ನನ್ನನ್ನು ನೋಡುತ್ತಿದ್ದವು.

ಏಪ್ರಿಲ್ 11, ಮಂಗಳವಾರ

ಉತ್ತರ ಬಂದಿದೆ.

ನಂಕಾಫು ಶಾಲೆಗೆ ಹೋಗುವಾಗ ಅಮ್ಮ ಬುತ್ತಿಯ ಎಲೆಗೆ ಇದೇ ಗಂಟು ಹಾಕುತ್ತಿದ್ದಳು. ಸಾಮಾನ್ಯ ದಿನ ಬಾಲ ಹೊರಗೆ. ಬೇಯಿಸಿದ ಮರಗೆಣಸಿನ ಜೊತೆ ಒಂದು ಚೂರು ಬೆಲ್ಲವೋ ಕಡಲೆಬೀಜವೋ ಇದ್ದರೆ ಬಾಲ ಒಳಗೆ ಮಡಚಿರುತ್ತಿತ್ತು. ಒಳಗೆ ಏನೋ ಇದೆ, ಹುಡುಕು ಅಂತ. ಇವತ್ತು ನಾಲ್ಕನೇ ಚೀಲದ ಬಾಲ ಒಳಗಿತ್ತು.

ಬಗಾಲ್ವಾ ಫೋನಿನಲ್ಲಿ ಮಾತಾಡುತ್ತ ಆಚೆ ತಿರುಗಿದಾಗ ಮೊಣಕೈವರೆಗೆ ಮರಳಿಗೆ ಕೈ ತೂರಿಸಿದೆ. ಮೀನಿನ ಡಬ್ಬಿಯ ಮುಚ್ಚಳ, ನಾಲ್ಕಾಗಿ ಮಡಚಿದ್ದು. ಬೆರಳು ಕುಯ್ದಿತು. ಮನೆಗೆ ಬಂದು ಬಿಡಿಸಿದೆ. ಮೊಳೆಯಿಂದ ಕೆರೆದ ಅಕ್ಷರ. ಆ ಅಕ್ಷರ ಕಲಿಸಿದವನೇ ನಾನು.

"ಅಪ್ಪ, ಗಂಟು ಸಡಿಲ. ನಾವು 61 ಜನ. 9 ಜನ ಮಣ್ಣಿನಡಿ. ಬಿಲ್ಲೆ ಹಾಕಬೇಡ."

ಗಂಟು ಸಡಿಲ ಅಂತೆ! ಅಲ್ಲಿದ್ದುಕೊಂಡೂ ಅಪ್ಪನ ತಪ್ಪು ಹುಡುಕುತ್ತಾಳೆ. ಅದನ್ನು ಓದಿ ನಕ್ಕೆ, ಬಹಳ ಹೊತ್ತು ನಕ್ಕೆ. ಉಳಿದದ್ದನ್ನು ನಾಳೆ ಯೋಚಿಸುತ್ತೇನೆ.

ಏಪ್ರಿಲ್ 14, ಶುಕ್ರವಾರ

ಹನ್ನೊಂದು ಚೀಲ ಬಂತು. ಹಾಕಿದೆ.

ಬಿಲ್ಲೆ ನಿಲ್ಲಿಸಿದರೆ ಚೀಲ ಬರುವುದಿಲ್ಲ. ಚೀಲ ಬರದಿದ್ದರೆ ಗಂಟು ಬರುವುದಿಲ್ಲ. ಗಂಟು ಬರದಿದ್ದರೆ ಅವಳು ಇದ್ದಾಳೋ ಇಲ್ಲವೋ ನನಗೆ ಹೇಗೆ ತಿಳಿಯಬೇಕು? ಮಾರಲಾಗದ ಮರಳು ತೊಳೆಯುವವರನ್ನು ಅವರು ಏನು ಮಾಡುತ್ತಾರೆ? ಬಿಡುತ್ತಾರೋ, ಬೇರೇನಾದರೂ ಮಾಡುತ್ತಾರೋ? ಅವಳು ಇದನ್ನೆಲ್ಲ ಯೋಚಿಸಿರುವುದಿಲ್ಲ. ಇನ್ನೂ ಇಪ್ಪತ್ತಾರು ವರ್ಷ. ಹೌಎವರ್

ಏಪ್ರಿಲ್ 18, ಮಂಗಳವಾರ

ಹದಿನಾಲ್ಕು. ಹಾಕಿದೆ. ಅವಳದು ಆರು. ಆರರಲ್ಲೂ ಬಾಲ ಒಳಗೆ. ನಾನು ಹುಡುಕಲಿಲ್ಲ.

ಮುದ್ದೆಯನ್ನು ಅರ್ಧಕ್ಕೇ ಬಿಟ್ಟೆ. ಹಿಟ್ಟು ಹಳೆಯದಿರಬೇಕು.

ಏಪ್ರಿಲ್ 21, ಶುಕ್ರವಾರ

ಬಿಲ್ಲೆ ಕೊಡುವ ಸಂಸ್ಥೆಯವರು ಬುಧವಾರ ತನಿಖೆಗೆ ಬರುತ್ತಾರಂತೆ. ಒಬ್ಬ ಪರದೇಶದವನು, ಒಬ್ಬಳು ಪಟ್ಟಣದ ಹೆಂಗಸು. ಬಗಾಲ್ವಾ ಗರಿಗರಿ ಬಿಳಿ ಅಂಗಿ ತಂದುಕೊಟ್ಟು, "ಅವನು ಇಂಗ್ಲಿಷೋನು. ನೀವೇ ಮಾತಾಡ್ಸಿ ಕಳಿಸ್ಬಿಡಿ ಮೇಷ್ಟ್ರೇ. ಎಲ್ಲಾ ರುಬಿಂಬಿದೇ ಅಂತ ಹತ್ತು ಸಲ ಹೇಳಿ, ನಮ್ಮ ಬೆಟ್ಟ ಅಂದ್ರೆ ಹಾಲು ಅನ್ನಿ" ಅಂದ. ಬುಧವಾರ ಆಚೆಯ ಚೀಲ ಒಂದೂ ಇರುವುದಿಲ್ಲ. ಅವರು ಏನನ್ನು ನೋಡಬೇಕು?

ಅಂಗಿಯ ಕಾಲರು ಕುತ್ತಿಗೆ ಕೊರೆಯುತ್ತದೆ.

ಏಪ್ರಿಲ್ 25, ಮಂಗಳವಾರ

ಮಾಮಾ ಅಜುವಾಗೆ ತಗಡು ತೋರಿಸಿದೆ. ಅವಳಿಗೆ ಓದು ಬಾರದು, ಓದಿ ಹೇಳಿದೆ. ತಗಡನ್ನು ನನ್ನ ಕೈಗೆ ವಾಪಸ್ಸು ಇಟ್ಟು, "ಮ್ವಿಂಜಾ ಆ ಗಂಟು ಯಾಕೆ ಹಾಕ್ತಿದ್ಲು?" ಅಂದಳು.

"ಹೊರೆ ಇಳಿಸಕ್ಕೆ."

"ಹಂಗಾದ್ರೆ ನೀನು ಯಾಕೆ ಹಿಡ್ಕೊಂಡು ಕೂತಿದೀಯ?"

"ನಾನು ಬಾಯಿ ಬಿಟ್ರೆ ಈ ಗುಡ್ಡದ ಬಿಲ್ಲೇನೂ ನಿಲ್ಸ್ತಾರೆ. ನಿನ್ನ ಒಲೆ ಆರುತ್ತೆ."

"ನನ್ನ ಒಲೆ ಚಿಂತೆ ನಿನಗ್ಯಾಕೆ, ನನ್ನ ಗಂಡನಾ ನೀನು?" ಅಂದಳು. ಬಾಗಿಲಲ್ಲಿ ತಿರುಗಿ, "ಬಿಳಿ ಅಂಗಿಗೆ ಗಂಜಿ ಜಾಸ್ತಿ ಹಾಕಿದಾರೆ, ಕೊಡು, ನೆನೆಸಿ ಕೊಡ್ತೀನಿ" ಅಂದಳು.

ಏಪ್ರಿಲ್ 26, ಬುಧವಾರ

ಮರೆಯುವ ಮುಂಚೆ ಬರೆಯಬೇಕು. ನಿನ್ನೆ ರಾತ್ರಿಯೆಲ್ಲ ಇಂಗ್ಲಿಷ್ ವಾಕ್ಯ ಜೋಡಿಸಿ ಬಾಯಿಪಾಠ ಮಾಡಿದ್ದೆ. ಅದರಲ್ಲಿ ಮೂರು ಹೌಎವರ್ ಇದ್ದವು, ಎರಡು ನಾಟ್‌ವಿತ್‌ಸ್ಟ್ಯಾಂಡಿಂಗ್. ಪಾದ್ರಿ ಕೇಳಿದ್ದರೆ ನಶ್ಯ ಬಿಟ್ಟು ಅಪ್ಪಿಕೊಳ್ಳುತ್ತಿದ್ದರು.

ಪರದೇಶದವನು ಬಿಸಿಲಿಗೆ ಕೆಂಪಾದ ಎತ್ತರದ ಆಸಾಮಿ. ಪಟ್ಟಣದ ಹೆಂಗಸು ಬರೆದುಕೊಳ್ಳುತ್ತಿದ್ದಳು. ಫಾರಂ ನೋಡಿದರು, ಚೆನ್ನಾಗಿದೆ ಅಂದರು. ಬಗಾಲ್ವಾ ನನ್ನ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದ. ಅವನಿಗೆ ಇಂಗ್ಲಿಷ್ ಬಾರದು, ಸ್ವಾಹಿಲಿ ಚೆನ್ನಾಗಿ ಬರುತ್ತದೆ, ಆದ್ದರಿಂದ ಆ ಹೆಂಗಸಿಗೆ ಸ್ವಾಹಿಲಿಯಲ್ಲಿ ಹೇಳುವಂತಿರಲಿಲ್ಲ. ಪರದೇಶದವನು ನನ್ನನ್ನು ಏನೋ ಕೇಳಿದ. ನಾನು ಬಾಯಿ ತೆರೆದೆ.

ಒಂದಕ್ಷರ ಬರಲಿಲ್ಲ. ನಲವತ್ತು ವರ್ಷದ ಇಂಗ್ಲಿಷ್ ಎದ್ದು ಬಾಗಿಲು ತೆರೆದುಕೊಂಡು ಹೋಗಿತ್ತು. ಬೆವರು. ಬಗಾಲ್ವಾ ಮೊಣಕೈಯಿಂದ ತಿವಿದ. ಆಗ ಏನು ಮಾಡಿದೆನೆಂದರೆ, ಫಾರಂ ಇಡುವ ಡಬ್ಬಿ ಎಂಬಂತೆ ಮೇಜಿನ ಮೇಲಿಟ್ಟಿದ್ದ ಬಿಸ್ಕತ್ತಿನ ಡಬ್ಬಿಯನ್ನು ಅವನ ಕಡೆ ತಳ್ಳಿದೆ. ಮೇಲೆ ನಾಲ್ಕು ಫಾರಂ, ಕೆಳಗೆ ನಾರು. ನಂಕಾಫುದು ಎಂಬತ್ತೆರಡು, ತಗಡು ಎಲ್ಲಕ್ಕೂ ಕೆಳಗೆ. ಗುಡ್ಡದ ಕಡೆ ಕೈ ತೋರಿಸಿದೆ. ಬಾಯಿಗೆ ಬಂದದ್ದು ಇಷ್ಟೇ.

"ನೋ ಬನಾನಾ. ದಿಸ್ ಹಿಲ್, ನೋ ಬನಾನಾ."

ಅವನು ನಕ್ಕ. ಮುದುಕನಿಗೆ ಹಸಿವು ಅಂದುಕೊಂಡಿರಬೇಕು. ಮತ್ತೆ ಹೇಳಿದೆ, ಇನ್ನೂ ಮೆಲ್ಲಗೆ. ಅಷ್ಟರಲ್ಲಿ ಬಗಾಲ್ವಾ ಫೋನು ಬಂತೆಂದು ಆಚೆ ತಿರುಗಿದ. ಅವನು ಒಂದು ನಾರೆತ್ತಿ ಬೆರಳಲ್ಲಿ ಉಜ್ಜಿದ. ಗುಡ್ಡ ನೋಡಿದ. ಬೋಳು ಗುಡ್ಡ, ಹುಲ್ಲು, ಗುಂಡಿ, ಟಾರ್ಪಾಲು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ನಗು ನಿಂತಿತು. ಜೇಬಿನಿಂದ ಫೋನು ತೆಗೆದು ನಾರಿನ ಚಿತ್ರ ಹಿಡಿದ. ಹೆಂಗಸು ಫಾರಂ ಜೋಡಿಸುವವಳಂತೆ ಡಬ್ಬಿಯೊಳಗೆ ಬಗ್ಗಿದಳು, ತಗಡು ಓದಿದಳು. ಅವಳ ಪೆನ್ನು ಕಾಗದದ ಮೇಲೆ ಹಾಗೇ ನಿಂತುಬಿಟ್ಟಿತು. ಆಮೇಲೆ ಮುಚ್ಚಳ ಹಾಕಿ ಡಬ್ಬಿಯನ್ನು ತನ್ನ ಚೀಲಕ್ಕೆ ಇಳಿಸಿ, ಸ್ವಾಹಿಲಿಯಲ್ಲಿ, "ಈ ಫಾರಂಗಳು ನಮ್ಮ ಹತ್ರ ಇರ್ಲಿ ಮ್ಜೀ" ಅಂದಳು. ಹಿರಿಯರನ್ನು ಹಾಗೆ ಕರೆಯುತ್ತೇವೆ. ಅಷ್ಟು ಗೌರವದಿಂದ ಯಾರೂ ಕರೆದು ಬಹಳ ದಿನವಾಗಿತ್ತು.

ಗಾಡಿ ಹೋದ ಮೇಲೆ ಬಗಾಲ್ವಾ ಕೇಳಿದ. "ಬಾಳೆಹಣ್ಣಿನ ಮಾತು ಯಾಕೆ ಬಂತು?"

"ಏನು ತಿಂತೀರಿ ಅಂತ ಕೇಳ್ದ."

"ಪರದೇಶದೋರಿಗೆ ಬರೀ ತಿನ್ನೋದೇ ಚಿಂತೆ" ಅಂದ ಬಗಾಲ್ವಾ.

ಡಬ್ಬಿ ಹೋಯಿತು. ಒಂದು ನಾರೂ ಇಟ್ಟುಕೊಂಡಿಲ್ಲ. ಈಗ ನೆನಪಾಗುತ್ತಿದೆ, ಒಂದನ್ನಾದರೂ ಇಟ್ಟುಕೊಳ್ಳಬಹುದಿತ್ತು. ಆ ಹೆಂಗಸಿಗೆ ನಮಸ್ಕಾರ. ಬಾಳೆಗೆ ನಮಸ್ಕಾರ. ಆ ಎರಡು ಮುರುಕು ವಾಕ್ಯದಲ್ಲಿ ಹೌಎವರ್ ಇರಲಿಲ್ಲ ಅಂತ ಈಗ ಹೊಳೆಯಿತು.

ಮೇ 5, ಶುಕ್ರವಾರ

ಮಾಮಾ ಅಜುವಾಳ ಆಡಿನ ಕೊಟ್ಟಿಗೆಯಲ್ಲಿ ಕೂತು ಬರೆಯುತ್ತಿದ್ದೇನೆ. ಒಂದು ಆಡು ಹೋದ ವಾರದ ಪುಟದ ಮೂಲೆ ತಿಂದಿದೆ.

ಸೋಮವಾರ ತೂಕದ ಕೊಟ್ಟಿಗೆಗೆ ಬೀಗ ಬಿತ್ತು. ರುಬಿಂಬಿಗೆ ಬಿಲ್ಲೆ ಇಲ್ಲ ಎಂದು ಬುಕಾವುವಿನಿಂದ ಕಾಗದ. ಬುಧವಾರ ಆಚೆಯಿಂದ ನಾಲ್ಕು ಜನ ನನ್ನನ್ನು ಹುಡುಕಿಕೊಂಡು ಬಂದರು. ನಾನು ಸಿಗಲಿಲ್ಲ, ಬೀಗ ಬೀಳುವ ಮುಂಚೆ ಮನೆಗೆ ತಂದಿದ್ದ ಕುರ್ಚಿ ಸಿಕ್ಕಿತು, ಅದನ್ನು ಕತ್ತಿಯಿಂದ ಕೊಚ್ಚಿ ಹೋದರು. ನೀಲಿ ಚೂರುಗಳನ್ನು ಮಾಮಾ ಅಜುವಾ ಒಲೆಗೆ ಹಾಕಲು ನೋಡಿದಳು, ನಾತ ಬಂತೆಂದು ಎಸೆದಳು.

ನಮ್ಮ ಗುಡ್ಡದವರಿಗೂ ಕೆಲಸವಿಲ್ಲ. ಅವರು ಯಾರ ಕತ್ತಿಗೂ ಕೈ ಜೋಡಿಸಿದವರಲ್ಲ, ತಮ್ಮ ಗುಂಡಿ ತಾವು ತೋಡಿಕೊಂಡವರು. ಮುಡೆರ್ವಾ ಬೇಲಿಯ ಹತ್ತಿರ ನಿಂತು ಜೋರಾಗಿ ಅಂದ. "ಮೂರು ಸಲ ಫೇಲ್ ಮಾಡಿದ್ರಿ, ಈಗ ಊರನ್ನೇ ಫೇಲ್ ಮಾಡಿದ್ರಿ ಮೇಷ್ಟ್ರೇ." ಅವನಿಗೆ ಐದು ಮಕ್ಕಳು. ಅವನ ಮಾತು ಸರಿ, ನಂಕಾಫುದೂ ಸರಿ. ಎರಡೂ ಹೇಗೆ ಸರಿ ಅಂತ ಯಾವ ಕಾಲೇಜಿನಲ್ಲೂ ಹೇಳಿಕೊಡಲಿಲ್ಲ.

ಬೈದವನು ಬೇಲಿಯ ಮೇಲೆ ಎರಡು ಆಲೂಗಡ್ಡೆ ಇಟ್ಟು ಹೋದ. ಅದನ್ನು ಬರೆಯದೆ ಹೇಗೆ ಊಟಕ್ಕೆ ಕೂರಲಿ.

ಮೇ 12, ಶುಕ್ರವಾರ

ಚೀಲವಿಲ್ಲ. ಗಂಟಿಲ್ಲ. ಒಂದು ದಾರ ಸಿಕ್ಕಿತು. ಕಟ್ಟುತ್ತೇನೆ, ಎಳೆಯುತ್ತೇನೆ, ಕಟ್ಟುತ್ತೇನೆ. ಈಗ ಸಡಿಲ ಅನ್ನಲಾರಳು.

ಮಳೆ ಬಂತು. ಬೀನ್ಸ್ ಕುಡಿಯೊಡೆದಿದೆ.

ಮೇ 20, ಶನಿವಾರ

ಮುಡೆರ್ವಾ ಓಡಿಬಂದ. ಏದುಸಿರು. "ಆಚೆ ಗುಡ್ಡ ಖಾಲಿ ಮೇಷ್ಟ್ರೇ! ಚೀಲ ರಾಶಿ ಬಿದ್ದಿವೆ, ಕೊಳ್ಳೋರಿಲ್ಲ. ಅವರು ತೆಂಕಲಿಗೆ ಹೋದ್ರು, ಅಲ್ಲೆಲ್ಲೋ ಚಿನ್ನ ಇದೆಯಂತೆ. ಗಟ್ಟಿ ಇರೋ ಗಂಡಸರನ್ನ ಹೊರೆಗೆ ಎಳ್ಕೊಂಡು ಹೋದ್ರಂತೆ. ಹೆಂಗಸರು ಕಾಡು ಸೇರಿ ಬಚ್ಚಿಟ್ಕೊಂಡ್ರಂತೆ. ಇಬ್ರು ಮೂವರು ಅಂತ ಬರ್ತಾವ್ರೆ."

ಹಾಗಾದರೆ ತೆಂಕಲಿನ ಆ ಗುಡ್ಡದಲ್ಲಿ ಇನ್ನು ಯಾರ ಮನೆಯವರೋ. ಆದರೂ ಊರುಗೋಲು ತೆಗೆದುಕೊಂಡೆ.

ಮೇ 22, ಸೋಮವಾರ

ಮೂರನೇ ದಿನ ಈ ಕಲ್ಲಿನ ಮೇಲೆ ಕೂತಿದ್ದೇನೆ. ನದಿಯಿಂದ ಏರಿ ಬರುವ ದಾರಿ ತಿರುಗುವ ಜಾಗ, ಹೊರೆಯವರೆಲ್ಲ ನಿಂತು ಉಸಿರು ತೆಗೆಯುವ ಚಪ್ಪಡಿ ಎದುರಿಗೇ ಇದೆ. ಕುರ್ಚಿಗಿಂತ ಕಲ್ಲು ವಾಸಿ, ಕಾಲು ಸೊಟ್ಟ ಇಲ್ಲ.

ಮೊನ್ನೆ ಒಂಬತ್ತು ಜನ, ನಿನ್ನೆ ಹದಿನಾರು, ಇವತ್ತು ಇಲ್ಲಿಯವರೆಗೆ ನಾಲ್ಕು. ಒಬ್ಬೊಬ್ಬರ ಹೆಸರೂ ಬರೆದುಕೊಳ್ಳುತ್ತಿದ್ದೇನೆ, ಹಿಂದಿನ ಪುಟದಲ್ಲಿದೆ. ಹೆಸರು ಕೇಳಬಾರದ ಜಾಗದಿಂದ ಬಂದವರು, ಹೆಸರು ಕೇಳಿದರೆ ಮೊದಲು ಬೆಚ್ಚುತ್ತಾರೆ, ಆಮೇಲೆ ತಂದೆಯ ಹೆಸರನ್ನೂ ಅಜ್ಜನ ಹೆಸರನ್ನೂ ಸೇರಿಸಿ ಹೇಳುತ್ತಾರೆ. ಮಣ್ಣಿನಡಿ ಉಳಿದ ಒಂಬತ್ತು ಜನರ ಹೆಸರನ್ನೂ ಅವರ ಬಾಯಿಂದ ಕೇಳಿ ಬರೆದೆ. ಅವರಿಗೆ ಬಿಲ್ಲೆ ಹಾಕುವವರು ಯಾರೂ ಇಲ್ಲ. ಒಬ್ಬ ಹೆಂಗಸು ತನ್ನ ಬೆರಳುಗಳನ್ನು ನನಗೆ ತೋರಿಸಿದಳು. ನೋಡಿದೆ. ಕೆಮ್ಮಣ್ಣು ಅನ್ನಲಿಲ್ಲ.

ನಂಕಾಫುವನ್ನು ಕೇಳಿದೆ. "ಮೇಷ್ಟ್ರ ಮಗಳಾ? ಕಾಲು ನೋವಿನ ಮುದುಕಿಯೊಬ್ಬಳ ಜೊತೆ ಹಿಂದೆ ಉಳಿದಳು, ಅವಳನ್ನ ಕರ್ಕೊಂಡೇ ಬರ್ತೀನಿ ಅಂದಳು" ಅಂತ ಒಬ್ಬಳು. "ನಾನು ನೋಡಿಲ್ಲ" ಅಂತ ಇನ್ನೊಬ್ಬಳು. ಎರಡನ್ನೂ ಬರೆದುಕೊಂಡೆ.

ಮಾಮಾ ಅಜುವಾ ಒಂದು ಪಾತ್ರೆಯಲ್ಲಿ ಗಂಜಿ ಹೊತ್ತು ತಂದಿದ್ದಾಳೆ. ತನ್ನ ಒಲೆ ಆರಿದ್ದರೂ ಊರಿನ ಏಳು ಒಲೆಯಿಂದ ಕೂಡಿಸಿದ್ದು. ಬಂದವರಿಗೆಲ್ಲ ಬಡಿಸುತ್ತ, "ಮೊದಲು ಒಂದು ಒಳ್ಳೇದು ಹೇಳಿ, ಆಮೇಲೆ ಗಂಜಿ. ಇದು ಮ್ವಿಂಜಾನ ಕಾನೂನು" ಅನ್ನುತ್ತಿದ್ದಾಳೆ. ಅವರು ಪಾಪ ಏನು ಹೇಳಬೇಕು. ಒಬ್ಬಳು "ಕೂತಿದ್ದೀನಿ" ಅಂದಳು. ಇನ್ನೊಬ್ಬಳು "ಯಾರೂ ಕೂಗ್ತಿಲ್ಲ" ಅಂದಳು. ನನ್ನ ಸರದಿ ಬಂದಾಗ ಬಹಳ ಇತ್ತು, ಯಾವುದನ್ನು ಹೇಳುವುದೆಂದು ತಿಳಿಯದೆ ಬಟ್ಟಲು ಹಿಡಿದು ಕೂತೆ. "ಮೇಷ್ಟ್ರಿಗೆ ಗಂಜಿ ಇಲ್ಲ" ಅಂತ ನಗಾಡಿದರು. ಆ ನಗುವೇ ಆಯಿತು.

ನೆರಳು ಚಪ್ಪಡಿ ದಾಟಿದೆ. ಕೆಳಗಿನ ತಿರುವಿನಲ್ಲಿ ಇನ್ನಿಬ್ಬರು ಕಾಣುತ್ತಿದ್ದಾರೆ. ಅಲ್ಲ, ಒಬ್ಬಳು. ಬೆನ್ನ ಮೇಲೆ ಹೊರೆ, ಹೊರೆಗೆ ಕೈಕಾಲು ಇವೆ. ಹಣೆಪಟ್ಟಿಯಲ್ಲಿ ಒಬ್ಬ ಮುದುಕಿಯನ್ನು ಕೂರಿಸಿಕೊಂಡು ಏರುತ್ತಿದ್ದಾಳೆ. ತಲೆ ಬಗ್ಗಿದೆ, ಮುಖ ಕಾಣುವುದಿಲ್ಲ. ಮುಡೆರ್ವಾ ಇಳಿಸಲು ಓಡಿದ, ಬೇಡವೆಂದು ಕೈಯಾಡಿಸಿದಳು. ಚಪ್ಪಡಿಗೆ ಬಂದಳು, ಬೆನ್ನು ತಿರುಗಿಸಿ ಮುದುಕಿಯನ್ನು ಕಲ್ಲಿಗೆ ಆನಿಸಿದಳು. ಎದೆಯ ಹತ್ತಿರ ಕೈ ಹೋಯಿತು. ಒಂದೇ ಎಳೆತ.

ಅಕ್ಷರ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ.